ಲಕೋಟೆಯೊಳಗಿನ ಶತ್ರು



ಚುನಾವಣೆಗೂ ಕಲೆಗೂ ಇರುವ ನಂಟಿನ ಬಗ್ಗೆ ನಮ್ಮ ಸಂವಾದ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಒಂದು ನನ್ನ ಮೇಜಿನ ಮೇಲೆ ಬಹಳ ದಿನ ಉಳಿದುಬಿಟ್ಟಿತು. ಚರ್ಚೆಯ ನಡುವೆ ಅತಿಥಿಗಳೊಬ್ಬರು ಮಾರ್ವಿನ್ ಲೀಬ್‌ಮನ್ ಎಂಬ ಅಮೆರಿಕನ್ನರ ಹೆಸರನ್ನು ಹೇಳಿ, ಅವರು ಸಲಿಂಗ ಪ್ರೇಮಿಯೂ ಹೌದು, ಸಂಪ್ರದಾಯವಾದಿಯೂ ಹೌದು ಎಂದು ಒಂದೇ ಉಸಿರಿನಲ್ಲಿ ಮುಗಿಸಿ ಮುಂದಕ್ಕೆ ಹೋಗಿದ್ದರು. ಸಮಯ ಕಡಿಮೆ ಇತ್ತು. ನಿರೂಪಕರೂ ಕೆದಕಲಿಲ್ಲ. ಪತ್ರ ಬರೆದವರು ಕೇಳಿದ್ದು ಇಷ್ಟೇ: 'ಒಬ್ಬನೇ ಮನುಷ್ಯ ಇವೆರಡೂ ಆಗಿರುವುದು ಹೇಗೆ? ನಿಮ್ಮ ಅತಿಥಿ ತಪ್ಪಿ ನುಡಿದರೇ?'

ತಪ್ಪಿ ನುಡಿದಿರಲಿಲ್ಲ. ಆದರೆ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯವೂ ಅದಾಗಿರಲಿಲ್ಲ. ತೆರೆಯ ಮೇಲೆ ಬಿಟ್ಟುಹೋದದ್ದನ್ನು ಈ ಪುಟಗಳಲ್ಲಿ ತುಂಬಿಕೊಡುವುದು ನಮ್ಮ ರೂಢಿಯಾದ್ದರಿಂದ ಆ ಕೆಲಸವನ್ನು ಈಗ ಮಾಡುತ್ತಿದ್ದೇನೆ.

ಮೊದಲು ಪದಗಳ ವಿಚಾರ. ನಾನು ಓದಿದ್ದು ರಸಾಯನಶಾಸ್ತ್ರ. ಪ್ರಯೋಗಾಲಯದಲ್ಲಿ ನಮ್ಮ ಮೇಷ್ಟ್ರು ಹೇಳಿಕೊಟ್ಟ ಮೊದಲ ಪಾಠವೆಂದರೆ ಸೀಸೆಯ ಮೇಲಿನ ಚೀಟಿಯನ್ನು ನಂಬಿ ಕೆಲಸಕ್ಕೆ ಇಳಿಯಬಾರದು ಎಂಬುದು. 'ಕನ್ಸರ್ವೇಟಿವ್' ಎಂಬ ಚೀಟಿಯನ್ನು ನಾವು 'ಸಂಪ್ರದಾಯವಾದಿ' ಎಂದು ಕನ್ನಡಿಸಿಕೊಂಡಿದ್ದೇವೆ. ಕೇಳಿದೊಡನೆ ಮಡಿ, ಮೈಲಿಗೆ, ಮನೆತನಗಳು ನೆನಪಾಗುತ್ತವೆ. ಅಮೆರಿಕದಲ್ಲಿ ಆ ಸೀಸೆಯೊಳಗೆ ಇದ್ದದ್ದು ಮೂರು ದ್ರವಗಳ ಮಿಶ್ರಣ. ಸರ್ಕಾರ ಚಿಕ್ಕದಾಗಿರಬೇಕು, ತೆರಿಗೆ ಕಡಿಮೆಯಾಗಿರಬೇಕು, ಜನರ ಪಾಡಿಗೆ ಜನರನ್ನು ಬಿಡಬೇಕು ಎನ್ನುವವರು ಒಂದು ಬಗೆ. ಕಮ್ಯುನಿಸಂ ಅನ್ನು ಜಗತ್ತಿನೆಲ್ಲೆಡೆ ತಡೆಯಬೇಕು ಎನ್ನುವವರು ಇನ್ನೊಂದು ಬಗೆ. ಧರ್ಮ, ಕುಟುಂಬ, ಹಳೆಯ ನೀತಿಗಳು ಉಳಿಯಬೇಕು ಎನ್ನುವವರು ಮೂರನೆಯವರು. ಈ ಮೂವರಿಗೂ ಪರಸ್ಪರ ಅಷ್ಟೇನೂ ಪ್ರೀತಿ ಇರಲಿಲ್ಲ. 1955ರಲ್ಲಿ ವಿಲಿಯಂ ಬಕ್ಲಿ ಎಂಬ ತರುಣ ಲೇಖಕರು 'ನ್ಯಾಷನಲ್ ರಿವ್ಯೂ' ಪತ್ರಿಕೆ ಆರಂಭಿಸಿ ಅವರನ್ನು ಒಂದೇ ಚಾವಣಿಯ ಕೆಳಗೆ ಕೂಡಿಸಿದರು. ಮೂವರನ್ನೂ ಹಿಡಿದಿಟ್ಟ ಅಂಟು ಸೋವಿಯತ್ ದೇಶದ ಭಯ.

(ಇನ್ನೊಂದು ಪದದ ಬಗ್ಗೆಯೂ ಹೇಳಿಬಿಡುತ್ತೇನೆ. ಪತ್ರಿಕೆಗಳಲ್ಲಿ 'ಸಲಿಂಗಕಾಮಿ' ಎಂಬ ಮಾತು ರೂಢಿಯಲ್ಲಿದೆ. ಉಳಿದವರ ವಿಷಯದಲ್ಲಿ ಪ್ರೀತಿ ಎಂದು ಬರೆದು ಇವರ ವಿಷಯದಲ್ಲಿ ಮಾತ್ರ ಕಾಮ ಎಂದು ಬರೆಯುವುದು ನನಗೆ ಸರಿಕಾಣದು. ಆದ್ದರಿಂದ ಸಲಿಂಗ ಪ್ರೇಮಿ ಎಂದೇ ಬರೆಯುತ್ತೇನೆ.)

ಬಕ್ಲಿ ಅವರ ಹೆಸರನ್ನು ನಮ್ಮ ವೃತ್ತಿಯವರು ಇನ್ನೊಂದು ಕಾರಣಕ್ಕೆ ಬಲ್ಲರು. 1966ರಿಂದ 1999ರವರೆಗೆ, ಮೂವತ್ತಮೂರು ವರ್ಷ, ಅವರು 'ಫೈರಿಂಗ್ ಲೈನ್' ಎಂಬ ದೂರದರ್ಶನ ಸಂವಾದ ನಡೆಸಿದರು. ಎದುರಾಳಿಗಳನ್ನೇ ಕರೆದು ಕೂರಿಸಿಕೊಂಡು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಪೆನ್ಸಿಲ್ ಆಡಿಸುತ್ತಾ ವಾದಿಸುವುದು ಅವರ ಶೈಲಿ. ಆದರೆ ಅವರ ವೃತ್ತಿಜೀವನದ ಅತ್ಯಂತ ಕೆಟ್ಟ ಗಳಿಗೆಯೂ ದೂರದರ್ಶನದಲ್ಲೇ ಸಂಭವಿಸಿತು. 1968ರ ಆಗಸ್ಟ್‌ನಲ್ಲಿ ಷಿಕಾಗೋದಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನ ನಡೆಯುತ್ತಿದ್ದಾಗ ಎಬಿಸಿ ವಾಹಿನಿ ಅವರನ್ನೂ ಕಾದಂಬರಿಕಾರ ಗೋರ್ ವಿಡಾಲ್ ಅವರನ್ನೂ ಎದುರುಬದುರಾಗಿ ಕೂರಿಸಿತ್ತು. ವಿಡಾಲ್ ಅವರು ಬಕ್ಲಿಯನ್ನು ಗುಪ್ತ ನಾಜಿ ಎಂದು ಕರೆದರು. ಬಕ್ಲಿ ಸಂಯಮ ಕಳೆದುಕೊಂಡು, ಸಲಿಂಗ ಪ್ರೇಮಿಗಳನ್ನು ಹಳಿಯುವ ಬೈಗುಳವನ್ನೇ ನೇರಪ್ರಸಾರದಲ್ಲಿ ಬಳಸಿ, ಮುಖಕ್ಕೆ ಗುದ್ದುತ್ತೇನೆ ಎಂದರು. ಚುನಾವಣೆ ಮತ್ತು ಸಾಹಿತ್ಯ ಮುಖಾಮುಖಿಯಾದ ಗಳಿಗೆಯಲ್ಲಿ ಸಿಟ್ಟು ಹೊರಬಿದ್ದದ್ದು ಆ ಒಂದು ಪದದ ರೂಪದಲ್ಲಿ.

ಆ ಹೊತ್ತಿಗಾಗಲೇ ಬಕ್ಲಿ ಅವರ ಅತಿ ಆಪ್ತ ಗೆಳೆಯರಲ್ಲೊಬ್ಬರು ಸಲಿಂಗ ಪ್ರೇಮಿಯಾಗಿದ್ದರು. ಅವರೇ ಮಾರ್ವಿನ್ ಲೀಬ್‌ಮನ್.

ಲೀಬ್‌ಮನ್ ಹುಟ್ಟಿದ್ದು 1923ರಲ್ಲಿ, ನ್ಯೂಯಾರ್ಕಿನ ಯಹೂದಿ ಕುಟುಂಬದಲ್ಲಿ. ಹರೆಯದಲ್ಲಿ ಕಮ್ಯುನಿಸ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯ ಸೇರಿದರು. ಅವರು ಬರೆದ ಖಾಸಗಿ ಪತ್ರಗಳಿಂದ ಗುಟ್ಟು ಬಯಲಾಗಿ ಸೈನ್ಯದಿಂದ ಹೊರಬಿದ್ದರು. ಆಗ ಇಂಥವರನ್ನು ಕಳಿಸುವಾಗ ನೀಲಿ ಕಾಗದದ ಮೇಲೆ ಬಿಡುಗಡೆ ಪತ್ರ ಕೊಡುತ್ತಿದ್ದರು. ಗೌರವದ ಬಿಡುಗಡೆಯೂ ಅಲ್ಲ, ಶಿಕ್ಷೆಯ ಬಿಡುಗಡೆಯೂ ಅಲ್ಲ. ಆದರೆ ಆ ಬಣ್ಣದ ಕಾಗದ ಹಿಡಿದವನಿಗೆ ಮಾಜಿ ಸೈನಿಕರ ಸವಲತ್ತುಗಳು ಸಿಗುತ್ತಿರಲಿಲ್ಲ, ಕೆಲಸ ಕೊಡುವವರು ಅದನ್ನು ನೋಡಿದೊಡನೆ ಅರ್ಥಮಾಡಿಕೊಳ್ಳುತ್ತಿದ್ದರು. ಮುಂದೆ ಸೋವಿಯತ್ ಬಂದೀಖಾನೆಗಳ ಸತ್ಯ ತಿಳಿದು ಲೀಬ್‌ಮನ್ ಕಮ್ಯುನಿಸಂ ತೊರೆದರು. ತೊರೆದವರು ಸುಮ್ಮನೆ ಕೂರದೆ ಅದರ ಕಟ್ಟಾ ವಿರೋಧಿಯಾದರು. ಹೀಗೆ ಅವರು ಆ ಮಿಶ್ರಣದೊಳಕ್ಕೆ ಬಂದದ್ದು ಎರಡನೆಯ ದ್ರವದ ಮೂಲಕ. ಪತ್ರ ಬರೆದ ಮಿತ್ರರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಇನ್ನು ಅವರ ಕಸುಬಿನ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಇಡೀ ಕಥೆಯ ಕೀಲು ಇರುವುದು ಇದರಲ್ಲೇ.

ಲೀಬ್‌ಮನ್ ಚುನಾವಣೆಗೆ ನಿಂತವರಲ್ಲ, ಭಾಷಣಕಾರರೂ ಅಲ್ಲ. ಅವರು ಹಣ ಎತ್ತುವವರು, ಸಂಘಗಳನ್ನು ಕಟ್ಟುವವರು. ಈ ವಿದ್ಯೆಯನ್ನು 1940ರ ದಶಕದಲ್ಲಿ ಯಹೂದಿ ಸಂಘಟನೆಗಳಿಗಾಗಿ ದುಡಿಯುತ್ತಾ ಕಲಿತರು. ಅವರ ಮುಖ್ಯ ಆಯುಧ ಅಂಚೆ. ಅದರ ಕ್ರಮ ಹೀಗೆ: ಮೊದಲು ಹೆಸರುಗಳ ಪಟ್ಟಿ ಬೇಕು. ಆ ಪಟ್ಟಿಗೆ ಒಂದು ಪತ್ರ ಹೋಗುತ್ತದೆ. ಕೆಳಗೆ ಪ್ರಸಿದ್ಧರೊಬ್ಬರ ಸಹಿ. ಒಳಗೆ ಹಣ ಕಳಿಸಲು ಇನ್ನೊಂದು ಲಕೋಟೆ. ಪತ್ರದಲ್ಲಿ ಒಂದು ಅಪಾಯ ಇರಲೇಬೇಕು, ಆ ಅಪಾಯಕ್ಕೆ ಒಂದು ಮುಖ ಇರಲೇಬೇಕು, ಮತ್ತು ಇಂದೇ ಉತ್ತರಿಸದಿದ್ದರೆ ಕೈಮೀರುತ್ತದೆ ಎಂಬ ಆತುರ ಇರಬೇಕು. ನೂರು ಮಂದಿಯಲ್ಲಿ ಒಬ್ಬಿಬ್ಬರು ಹಣ ಕಳಿಸಿದರೂ ಸಾಕು. ಕಳಿಸಿದವರ ಹೆಸರು ಬೇರೊಂದು ಪಟ್ಟಿ ಸೇರುತ್ತದೆ, ಆ ಪಟ್ಟಿಯೇ ನಿಜವಾದ ಬಂಡವಾಳ. ಒಮ್ಮೆ ಹೆದರಿ ಹಣ ಕೊಟ್ಟವರು ಮತ್ತೆ ಕೊಡುತ್ತಾರೆ ಎಂಬುದು ಈ ಕಸುಬಿನವರ ಅನುಭವ.

1953ರಲ್ಲಿ ಕಮ್ಯುನಿಸ್ಟ್ ಚೀನಾವನ್ನು ವಿಶ್ವಸಂಸ್ಥೆಗೆ ಸೇರಿಸಬಾರದೆಂದು ಹತ್ತು ಲಕ್ಷ ಸಹಿ ಸಂಗ್ರಹಿಸಲು ಹೊರಟ ಸಮಿತಿಯ ಹಿಂದಿನ ಕೈ ಲೀಬ್‌ಮನ್ ಅವರದೇ. 1960ರಲ್ಲಿ ಕನೆಕ್ಟಿಕಟ್ ರಾಜ್ಯದ ಷಾರನ್‌ನಲ್ಲಿರುವ ಬಕ್ಲಿಯವರ ಮನೆಯಲ್ಲಿ 'ಯಂಗ್ ಅಮೆರಿಕನ್ಸ್ ಫಾರ್ ಫ್ರೀಡಂ' ಎಂಬ ಯುವಕ ಸಂಘ ಹುಟ್ಟಿತು. ಅದರ ಬೆನ್ನೆಲುಬಾಗಿ ನಿಂತವರೂ ಅವರೇ. 1962ರ ಮಾರ್ಚ್‌ನಲ್ಲಿ ಆ ಸಂಘ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣವನ್ನು ಕಿಕ್ಕಿರಿಸಿ ತುಂಬಿಸಿತು. ಸಂಪ್ರದಾಯವಾದ ಎಂದರೆ ಮುದುಕರ ಗೊಣಗಾಟ ಎಂದುಕೊಂಡಿದ್ದ ಪತ್ರಿಕೆಗಳು ಬೆಚ್ಚಿದವು. ಲೀಬ್‌ಮನ್ ಆ ಸಂಘದ ಕೆಲಸಕ್ಕೆ ಸೇರಿಸಿಕೊಂಡ ಹುಡುಗರಲ್ಲಿ ರಿಚರ್ಡ್ ವಿಗರಿ ಎಂಬವರೂ ಇದ್ದರು. ಗುರುವಿನ ಕಸುಬನ್ನು ಶಿಷ್ಯ ಕಾರ್ಖಾನೆಯನ್ನಾಗಿ ಬೆಳೆಸಿದ. 1964ರ ಅಧ್ಯಕ್ಷ ಚುನಾವಣೆಯಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಐವತ್ತರಲ್ಲಿ ಆರೇ ರಾಜ್ಯ ಗೆದ್ದು ಹೀನಾಯವಾಗಿ ಸೋತರಷ್ಟೆ. ಅವರಿಗೆ 50 ಡಾಲರಿಗಿಂತ ಹೆಚ್ಚು ಕೊಟ್ಟವರ ವಿವರ ಸಂಸತ್ತಿನ ಕಡತದಲ್ಲಿ ಸಾರ್ವಜನಿಕವಾಗಿ ಇತ್ತು. ವಿಗರಿ ಅದನ್ನು ಕೈಬರಹದಲ್ಲಿ ನಕಲು ಮಾಡಿಸಿ ಸುಮಾರು 12,500 ಹೆಸರುಗಳ ಪಟ್ಟಿ ಕೂಡಿಸಿದರು. 1980ರಲ್ಲಿ ರೇಗನ್ ಅವರನ್ನು ಗೆಲ್ಲಿಸಿದ ಅಂಚೆ ಸಾಮ್ರಾಜ್ಯದ ಬೀಜ ಆ ಸೋಲಿನ ಕಡತ.

ಆಗೆಲ್ಲ ಪತ್ರಗಳಲ್ಲಿದ್ದ ಶತ್ರು ಮಾಸ್ಕೋದಲ್ಲಿದ್ದ, ಪೀಕಿಂಗಿನಲ್ಲಿದ್ದ. ಎಪ್ಪತ್ತರ ದಶಕದ ಕೊನೆಗೆ ಶತ್ರು ಊರೊಳಗೆ ಬಂದ. ಅಂಚೆ ಪತ್ರಗಳು ಗರ್ಭಪಾತದ ಬಗ್ಗೆ, ಶಾಲಾ ಪುಸ್ತಕಗಳ ಬಗ್ಗೆ, ಸಲಿಂಗ ಪ್ರೇಮಿಗಳ ಬಗ್ಗೆ ಮಾತಾಡತೊಡಗಿದವು. ಇಲ್ಲಿ ಒಂದು ವಿಚಿತ್ರ ಸಂಗತಿ. ಇಂಥ ಪತ್ರಗಳನ್ನು ಹೊರಡಿಸಿದ ಸಂಸ್ಥೆಗಳಲ್ಲೊಂದರ ಮುಖ್ಯಸ್ಥ ಟೆರಿ ಡೋಲನ್. 1980ರಲ್ಲಿ ಆ ಸಂಸ್ಥೆ ಗುರಿಯಿಟ್ಟ ಆರು ಡೆಮಾಕ್ರಟಿಕ್ ಸೆನೆಟರುಗಳಲ್ಲಿ ನಾಲ್ವರು ಸೋತರು. ಡೋಲನ್ ಸ್ವತಃ ಗುಟ್ಟಾಗಿ ಬದುಕಿದ ಸಲಿಂಗ ಪ್ರೇಮಿ. ತಮ್ಮ ಸಂಸ್ಥೆಯ ಹೆಸರಿನಲ್ಲಿ ಹೋದ ಅಂಥ ಪತ್ರದ ಬಗ್ಗೆ ಅವರು 1982ರಲ್ಲಿ ವಿಷಾದ ವ್ಯಕ್ತಪಡಿಸಿದರು. 1986ರ ಡಿಸೆಂಬರ್‌ನಲ್ಲಿ, ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ, ಏಡ್ಸ್‌ನಿಂದ ತೀರಿಕೊಂಡರು.

ಲೀಬ್‌ಮನ್ ಈ ಹೊತ್ತಿಗೆ ಎಲ್ಲಿದ್ದರು? ಅರವತ್ತರ ದಶಕದ ಕೊನೆಗೆ ರಾಜಕೀಯ ಸಾಕೆನಿಸಿ ಲಂಡನ್ನಿಗೆ ಹೋಗಿ ಕೆಲವು ವರ್ಷ ನಾಟಕಗಳ ನಿರ್ಮಾಪಕರಾಗಿದ್ದರು. ಹಿಂದಿರುಗಿ, ಬಕ್ಲಿಯವರನ್ನೇ ಧರ್ಮಪಿತರನ್ನಾಗಿ ಮಾಡಿಕೊಂಡು ಕ್ಯಾಥೊಲಿಕ್ ಮತಕ್ಕೆ ಸೇರಿದರು. ರೇಗನ್ ಆಡಳಿತ ಬಂದಾಗ ಅವರಿಗೆ ಸರ್ಕಾರದಲ್ಲಿ ಕೆಲಸ ಸಿಕ್ಕಿತು. ಅವರು ದುಡಿದ ಇಲಾಖೆಗಳಲ್ಲಿ ಒಂದು 'ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್'. ರಾಷ್ಟ್ರೀಯ ಕಲಾನಿಧಿ ಎನ್ನೋಣ.

1965ರಲ್ಲಿ ಲಿಂಡನ್ ಜಾನ್ಸನ್ ಕಾಲದಲ್ಲಿ ಹುಟ್ಟಿದ ಈ ನಿಧಿ ನಮ್ಮ ಅಕಾಡೆಮಿಗಳ ಹಾಗೆ ಕಲಾವಿದರಿಗೆ, ವಸ್ತು ಸಂಗ್ರಹಾಲಯಗಳಿಗೆ, ನಾಟಕ ಮಂಡಲಿಗಳಿಗೆ ಧನಸಹಾಯ ಕೊಡುತ್ತದೆ. 1990ರಲ್ಲಿ ಅದರ ಆಯವ್ಯಯ ಸುಮಾರು 17 ಕೋಟಿ ಡಾಲರ್. ದೊಡ್ಡ ಮೊತ್ತವೆನಿಸಿದರೂ ಜನಸಂಖ್ಯೆಗೆ ಹಂಚಿದರೆ ತಲೆಗೆ ಒಂದು ಡಾಲರೂ ಬರುವುದಿಲ್ಲ. ಇಷ್ಟು ಸಣ್ಣ ಬಾಬತ್ತು ಚುನಾವಣೆಯ ವಿಷಯವಾದದ್ದೇಕೆ?

1989ರ ಏಪ್ರಿಲ್‌ನಲ್ಲಿ ಮಿಸಿಸಿಪಿ ರಾಜ್ಯದ ಡೊನಾಲ್ಡ್ ವೈಲ್ಡ್‌ಮನ್ ಎಂಬ ಪಾದ್ರಿ ಒಂದು ಛಾಯಾಚಿತ್ರದ ವಿರುದ್ಧ ಪತ್ರಗಳನ್ನು ಹೊರಡಿಸಿದರು. ಆಂಡ್ರೆಸ್ ಸೆರಾನೊ ಎಂಬ ಕಲಾವಿದ ಶಿಲುಬೆಯ ಪುಟ್ಟ ಪ್ರತಿಮೆಯನ್ನು ಮೂತ್ರದಲ್ಲಿ ಮುಳುಗಿಸಿ ತೆಗೆದ ಚಿತ್ರ ಅದು. ಆತನಿಗೆ ಒಂದು ಕಲಾಕೇಂದ್ರದ ಮೂಲಕ ಸಂದ ಸರ್ಕಾರಿ ಹಣ 15,000 ಡಾಲರ್. ಅದರ ಬೆನ್ನಿಗೇ ರಾಬರ್ಟ್ ಮೇಪಲ್‌ಥಾರ್ಪ್ ಅವರ ಪ್ರದರ್ಶನದ ಗಲಾಟೆ. ಆ ಮಾರ್ಚ್‌ನಲ್ಲಷ್ಟೇ ಏಡ್ಸ್‌ನಿಂದ ತೀರಿಕೊಂಡಿದ್ದ ಈ ಛಾಯಾಗ್ರಾಹಕರ ಕೆಲವು ಚಿತ್ರಗಳಲ್ಲಿ ಪುರುಷರ ನಡುವಿನ ಕಾಮವನ್ನು ನೇರವಾಗಿ ತೋರಿಸಲಾಗಿತ್ತು. ಫಿಲಡೆಲ್ಫಿಯಾದಲ್ಲಿ ಪ್ರದರ್ಶನ ಏರ್ಪಡಿಸಿದ ಸಂಸ್ಥೆಗೆ 30,000 ಡಾಲರ್ ಸಹಾಯ ಸಿಕ್ಕಿತ್ತು. ಜೂನ್‌ನಲ್ಲಿ ವಾಷಿಂಗ್ಟನ್ನಿನ ಕಾರ್ಕರನ್ ಗ್ಯಾಲರಿ ಹೆದರಿ ಪ್ರದರ್ಶನವನ್ನೇ ರದ್ದುಪಡಿಸಿತು. ಸೆನೆಟರ್ ಜೆಸ್ಸಿ ಹೆಲ್ಮ್ಸ್, ಅಂಚೆಯಿಂದ ಹಣ ಎತ್ತುವುದರಲ್ಲಿ ಅಗ್ರಗಣ್ಯರು, ಇಂಥ ಕಲೆಗೆ ಹಣ ಕೊಡಬಾರದೆಂದು ತಿದ್ದುಪಡಿ ತಂದರು. ಸಂಸತ್ತು ನಿಧಿಯ ಆಯವ್ಯಯದಲ್ಲಿ ಸರಿಯಾಗಿ 45,000 ಡಾಲರ್ ಕಡಿತ ಮಾಡಿತು. ಹದಿನೈದು ಮತ್ತು ಮೂವತ್ತು ಕೂಡಿಸಿ ನೋಡಿ.

ಈಗ ಬರ್ಲಿನ್ ಗೋಡೆಯ ದಿನಾಂಕ ನೆನಪು ಮಾಡಿಕೊಳ್ಳಿ: 1989ರ ನವೆಂಬರ್ 9. ಲಕೋಟೆಯೊಳಗಿನ ಹಳೆಯ ಶತ್ರು ಕುಸಿಯುತ್ತಿದ್ದ ವರ್ಷವೇ ಹೊಸ ಶತ್ರು ಸಿದ್ಧನಾಗಿದ್ದ. ಅವನ ಕೈಯಲ್ಲಿ ಬಾಂಬಿನ ಬದಲು ಕ್ಯಾಮರಾ ಇತ್ತು, ಅಷ್ಟೇ. 1990ರ ಜೂನ್‌ನಲ್ಲಿ ಕಲಾನಿಧಿಯ ಅಧ್ಯಕ್ಷ ಜಾನ್ ಫ್ರಾನ್‌ಮೇಯರ್ ನಾಲ್ವರು ರಂಗ ಕಲಾವಿದರಿಗೆ ತಜ್ಞರು ಶಿಫಾರಸು ಮಾಡಿದ್ದ ಸಹಾಯವನ್ನು ತಡೆಹಿಡಿದರು. ಆ ನಾಲ್ವರಲ್ಲಿ ಮೂವರು ಸಲಿಂಗ ಪ್ರೇಮಿಗಳು.

ಮರುತಿಂಗಳು, ಜುಲೈ 9ರ 'ನ್ಯಾಷನಲ್ ರಿವ್ಯೂ' ಸಂಚಿಕೆಯಲ್ಲಿ ಬಕ್ಲಿ ಅವರಿಗೆ ಲೀಬ್‌ಮನ್ ಬರೆದ ಬಹಿರಂಗ ಪತ್ರ ಪ್ರಕಟವಾಯಿತು. ಅರವತ್ತೇಳು ತುಂಬಲು ಎರಡು ವಾರವಿತ್ತು. ತಾನು ಸಲಿಂಗ ಪ್ರೇಮಿ ಎಂದು ಹೇಳಿಕೊಂಡರು. ತಾವೆಲ್ಲ ಕೂಡಿ ಕಟ್ಟಿದ ಚಳವಳಿ, ಶೀತಲ ಸಮರ ಗೆದ್ದ ಮೇಲೆ, ಯಹೂದಿ ದ್ವೇಷ, ಹೊರಗಿನವರ ದ್ವೇಷ, ಸಲಿಂಗ ಪ್ರೇಮಿಗಳ ದ್ವೇಷದ ಹಳೆಯ ಕೆಸರಿಗೆ ಮರಳಬಹುದೆಂಬ ಆತಂಕವನ್ನು ಮುಂದಿಟ್ಟರು. ಜೀವಮಾನವಿಡೀ ಪರರ ಸಹಿ ಹಾಕಿಸಿ ಪತ್ರ ಬರೆಸಿದ ಮನುಷ್ಯ ತನ್ನದೇ ಸಹಿ ಹಾಕಿ ಕಳಿಸಿದ ಪತ್ರ ಇದು. ಬಕ್ಲಿ ಉತ್ತರವೂ ಅದೇ ಸಂಚಿಕೆಯಲ್ಲಿ ಬಂತು. ಸ್ನೇಹಕ್ಕೆ ಕುಂದಿಲ್ಲ, ಗೆಳೆಯ ಪಟ್ಟ ನೋವು ತನಗೆ ಅರ್ಥವಾಗುತ್ತದೆ, ಆದರೆ ತನ್ನ ಧರ್ಮ ಈ ವಿಷಯದಲ್ಲಿ ಹೇಳುವುದನ್ನು ತಾನು ಬಿಡಲಾರೆ ಎಂಬುದು ಅದರ ಸಾರ. 1986ರಲ್ಲಿ ಏಡ್ಸ್ ರೋಗಿಗಳ ಮೈಮೇಲೆ ಹಚ್ಚೆ ಹಾಕಿಸಬೇಕೆಂದು 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದವರೂ ಇದೇ ಬಕ್ಲಿ. ಆ ಲೇಖನವನ್ನು ಲೀಬ್‌ಮನ್ ಬಲ್ಲವರೇ. ಆದರೂ ಮೊದಲು ಅವರಿಗೇ ಹೇಳಬೇಕೆನಿಸಿತು. ಸ್ನೇಹವೆಂಬುದು ಹೀಗೂ ಇರುತ್ತದೆ.

ಇಲ್ಲಿ ಕಲೆಯ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ನಮ್ಮ ಸಂವಾದದಲ್ಲಿ ಇದು ಕಲಸಿಹೋಗಿತ್ತು, ಅದರ ಹೊಣೆ ನನ್ನದು. ಕಲೆಗೆ ಸರ್ಕಾರ ಹಣವನ್ನೇ ಕೊಡಬಾರದು ಎಂಬುದು ಒಂದು ವಾದ. ಇದು ಮೊದಲನೆಯ ದ್ರವದ, ಎಂದರೆ ಚಿಕ್ಕ ಸರ್ಕಾರದ ವಾದ. 1981ರಲ್ಲಿ ರೇಗನ್ ಆಡಳಿತ ಕಲಾನಿಧಿಯ ಹಣವನ್ನು ಅರ್ಧಕ್ಕೆ ಇಳಿಸಲು ಹೊರಟದ್ದು ಈ ವಾದದ ಮೇಲೆ. ಚಿತ್ರನಟ ಚಾರ್ಲ್ಟನ್ ಹೆಸ್ಟನ್ ಮುಂತಾದವರಿದ್ದ ಸಮಿತಿ ನಿಧಿಯ ಪರವಾಗಿ ವರದಿ ಕೊಟ್ಟು ಅದನ್ನು ಉಳಿಸಿತು. ಒಪ್ಪುವುದು ಬಿಡುವುದು ಬೇರೆ ಮಾತು, ವಾದ ನೇರವಾಗಿದೆ: ಯಾರಿಗೂ ಇಲ್ಲ. ಹಣ ಕೊಡೋಣ, ಆದರೆ ಇಂಥವರಿಗೆ, ಇಂಥ ವಿಷಯಕ್ಕೆ ಬೇಡ ಎಂಬುದು ಎರಡನೆಯ ವಾದ. ಇದು ಮೂರನೆಯ ದ್ರವದ್ದು. ಎರಡೂ ಒಂದೇ ಮತವಾಗಿ ಸದನದಲ್ಲಿ ಎಣಿಕೆಯಾಗುತ್ತವೆ. ಆದರೆ ಎರಡನೆಯ ವಾದಕ್ಕೆ ದೊಡ್ಡ ಸರ್ಕಾರವೇ ಬೇಕು, ಏಕೆಂದರೆ ಪ್ರತಿ ಚಿತ್ರವನ್ನೂ ಒಬ್ಬ ಅಧಿಕಾರಿ ನೋಡಿ ತೀರ್ಮಾನಿಸಬೇಕಾಗುತ್ತದೆ. ಜನರ ಪಾಡಿಗೆ ಜನರನ್ನು ಬಿಡಿ ಎಂದು ಹೊರಟ ಚಳವಳಿ ಮಲಗುವ ಕೋಣೆಗೂ ಕಲಾಶಾಲೆಗೂ ಕಾವಲುಗಾರನನ್ನು ಕೇಳುತ್ತಿದೆಯಲ್ಲ ಎಂಬ ಇರುಸುಮುರುಸು ಹುಟ್ಟುವುದು ಇಲ್ಲಿ. ಲೀಬ್‌ಮನ್‌ರಂಥವರು ಕೊನೆಯವರೆಗೂ ಹಿಡಿದ ದಾರ ಇದು. ಗೋಲ್ಡ್‌ವಾಟರ್ ಅವರೂ 1993ರಲ್ಲಿ ಇದೇ ದಾರ ಹಿಡಿದು, ಸಲಿಂಗ ಪ್ರೇಮಿಗಳು ಸೈನ್ಯದಲ್ಲಿ ಬಹಿರಂಗವಾಗಿ ಇರಲಿ ಎಂದು ಪತ್ರಿಕೆಯಲ್ಲಿ ಬರೆದರು. ಅವರಿಗಾಗ ಎಂಬತ್ತು ದಾಟಿತ್ತು. ನೀಲಿ ಕಾಗದದ ಲೀಬ್‌ಮನ್ ಅದನ್ನು ಓದಿದಾಗ ಏನನ್ನಿಸಿತೋ!

1992ರ ಚುನಾವಣೆ ಬಂತು. ಅಧ್ಯಕ್ಷ ಬುಷ್ ಅವರನ್ನು ತಮ್ಮ ಪಕ್ಷದೊಳಗಿನಿಂದಲೇ ಎದುರಿಸಿದ ಪ್ಯಾಟ್ ಬುಕ್ಯಾನನ್, ಜಾರ್ಜಿಯಾ ರಾಜ್ಯದಲ್ಲಿ ಒಂದು ದೂರದರ್ಶನ ಜಾಹೀರಾತು ಬಿಟ್ಟರು. ಕಪ್ಪು ಸಲಿಂಗ ಪ್ರೇಮಿಗಳ ಬದುಕಿನ ಬಗ್ಗೆ ಮಾರ್ಲನ್ ರಿಗ್ಸ್ ಮಾಡಿದ 'ಟಂಗ್ಸ್ ಅನ್‌ಟೈಡ್' ಸಾಕ್ಷ್ಯಚಿತ್ರದ ತುಣುಕು ತೋರಿಸಿ, ಬುಷ್ ಸರ್ಕಾರ ನಿಮ್ಮ ತೆರಿಗೆ ಹಣವನ್ನು ಇಂಥದಕ್ಕೆ ಸುರಿಯುತ್ತಿದೆ ಎಂಬ ಆರೋಪ. ಚಿತ್ರ ನಿರ್ಮಿಸುವವರ ಕಣ್ಣಿನಿಂದ ನೋಡಿದರೆ ಇದರ ಕ್ರೌರ್ಯ ಬೇರೆಯೇ. ಸುಮಾರು ಒಂದು ಗಂಟೆಯ ಕೃತಿಯಿಂದ ಕೆಲವು ಕ್ಷಣ ಕತ್ತರಿಸಿ, ಮಾಡಿದವನ ಒಪ್ಪಿಗೆಯಿಲ್ಲದೆ, ಅವನನ್ನೇ ಹೆದರಿಸುವ ಬೊಂಬೆಯನ್ನಾಗಿ ನಿಲ್ಲಿಸುವುದು. ಅಂಚೆ ಪತ್ರದ ವಿದ್ಯೆ ಈಗ ಮೂವತ್ತು ಸೆಕೆಂಡಿನ ಜಾಹೀರಾತಾಗಿತ್ತು. ಅದೇ ಫೆಬ್ರವರಿಯಲ್ಲಿ ಫ್ರಾನ್‌ಮೇಯರ್ ಕೆಲಸ ಕಳೆದುಕೊಂಡರು. ನಾಲ್ವರಿಗೆ ಸಹಾಯ ತಡೆದದ್ದರಿಂದ ಅವರೇನೂ ಉಳಿಯಲಿಲ್ಲ. ಆಗಸ್ಟ್‌ನಲ್ಲಿ ಹ್ಯೂಸ್ಟನ್ ಅಧಿವೇಶನದಲ್ಲಿ ಬುಕ್ಯಾನನ್, ದೇಶದ ಆತ್ಮಕ್ಕಾಗಿ ಸಾಂಸ್ಕೃತಿಕ ಯುದ್ಧ ನಡೆದಿದೆ ಎಂದು ಗುಡುಗಿದರು. ನವೆಂಬರ್‌ನಲ್ಲಿ ಬುಷ್ ಸೋತರು. ಆ ಸೋಲಿಗೆ ಈ ಭಾಷಣವೇ ಕಾರಣ ಎಂದು ಹೇಳಲು ನನ್ನೊಳಗಿನ ವಿಜ್ಞಾನ ವಿದ್ಯಾರ್ಥಿ ಒಪ್ಪುವುದಿಲ್ಲ, ಆರ್ಥಿಕ ಸ್ಥಿತಿ ಹದಗೆಟ್ಟಿತ್ತು, ಮೂರನೆಯ ಅಭ್ಯರ್ಥಿಯೂ ಇದ್ದ. ಕಲಾನಿಧಿಯ ಹಣ 1996ರಲ್ಲಿ ಹತ್ತು ಕೋಟಿ ಡಾಲರಿಗಿಂತ ಕೆಳಕ್ಕೆ ಇಳಿಯಿತು.

ಲೀಬ್‌ಮನ್ ಒಬ್ಬಂಟಿಯಾಗಿರಲಿಲ್ಲ. 1989ರಲ್ಲೇ ಆಂಡ್ರ್ಯೂ ಸಲಿವನ್ ಎಂಬ ತರುಣ ಪತ್ರಕರ್ತರು, ಮದುವೆ ಎಂಬ ಸಂಸ್ಥೆ ಸಮಾಜಕ್ಕೆ ಅಷ್ಟು ಒಳ್ಳೆಯದಾದರೆ ಸಲಿಂಗ ಪ್ರೇಮಿಗಳನ್ನು ಅದರಿಂದ ಹೊರಗಿಡುವುದೇಕೆ ಎಂದು ಸಂಪ್ರದಾಯವಾದದ ನೆಲೆಯಿಂದಲೇ ಕೇಳಿದ್ದರು. ಸಾಹಿತ್ಯ ವಿಮರ್ಶಕ ಬ್ರೂಸ್ ಬಾವರ್ 1993ರಲ್ಲಿ ಪುಸ್ತಕ ಬರೆದು ಅದೇ ದಿಕ್ಕಿನಲ್ಲಿ ವಾದಿಸಿದರು. ಅವರಿಬ್ಬರದು ಬಾಗಿಲು ತೆರೆಯಿರಿ ಎಂಬ ಧ್ವನಿ. ಲೀಬ್‌ಮನ್ ಅವರದು ಬೇರೆ: ಈ ಮನೆ ಕಟ್ಟಿದ ಮೇಸ್ತ್ರಿ ನಾನೇ ಎಂಬ ಧ್ವನಿ. ಸಲಿವನ್ ಕೇಳಿದ್ದನ್ನು 2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸಿ ಕೊಟ್ಟಿತು.

ಪತ್ರ ಬರೆದ ಮಿತ್ರರೇ, ನಿಮ್ಮ ಪ್ರಶ್ನೆಯ ಉಳಿದ ಅರ್ಧಕ್ಕೆ ಉತ್ತರ ಲೀಬ್‌ಮನ್ ಅವರ ಕೊನೆಯ ವರ್ಷಗಳಲ್ಲಿದೆ. 1992ರಲ್ಲಿ ಅವರು ಆತ್ಮಕಥೆ ಪ್ರಕಟಿಸಿದರು. ಅದರ ಹೆಸರು 'ಕಮಿಂಗ್ ಔಟ್ ಕನ್ಸರ್ವೇಟಿವ್', ಎಂದರೆ ಎರಡು ಚೀಟಿಯನ್ನೂ ಒಟ್ಟಿಗೇ ಅಂಟಿಸಿಕೊಂಡ ಹೆಸರು. ಅಲ್ಲಿಂದಾಚೆ ಅವರು ಎರಡನೆಯ ಚೀಟಿಯನ್ನು ಕಿತ್ತುಹಾಕಿ, ತಾನು ಸ್ವತಂತ್ರ ಎಂದು ಹೇಳಿಕೊಳ್ಳತೊಡಗಿದರು. 1997ರ ಮಾರ್ಚ್ 31ರಂದು ತೀರಿಕೊಂಡರು. ಅವರ ಕಾಗದಪತ್ರಗಳು ಈಗ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಹೂವರ್ ಸಂಸ್ಥೆಯ ಪತ್ರಾಗಾರದಲ್ಲಿವೆ.